ಕಾಲಿನಿಂದ ಎದೆಗೆ ಏರುವ ರಕ್ತ



ಕೊಬ್ಬರಿ ತಯಾರಿಕೆಯನ್ನು ಕುರಿತ ಒಂದು ಚಿತ್ರಕ್ಕಾಗಿ ನಮ್ಮ ತಂಡ ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿ ಒಂದು ತೋಟದ ಮನೆಗೆ ಹೋಗಿತ್ತು. ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಇದ್ದು, ಒಳಗಿನ ನೀರೆಲ್ಲ ಇಂಗಿದ ಕಾಯಿಗಳನ್ನು ಕೆಳಗಿಳಿಸಿ ಸುಲಿಯುತ್ತಿದ್ದರು. ಸುಲಿಯುವವರು ಅರವತ್ತು ದಾಟಿದ ಹಿರಿಯರು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿಯನ್ನು ಒತ್ತಿ ಒಂದು ತಿರುವು ತಿರುಗಿಸಿದರೆ ಸಾಕು, ಸಿಪ್ಪೆ ಬೇರೆ, ಕಾಯಿ ಬೇರೆ. ಆ ಕೈಚಳಕವನ್ನು ಹತ್ತಿರದಿಂದ ಹಿಡಿಯುತ್ತಿದ್ದ ನಮ್ಮ ಛಾಯಾಗ್ರಾಹಕರು ಕ್ಯಾಮೆರಾವನ್ನು ಮೆಲ್ಲಗೆ ಕೆಳಗಿಳಿಸಿದರು. ಮಾನಿಟರಿನ ತುಂಬ ಆ ಹಿರಿಯರ ಕಾಲು ಕಾಣಿಸಿತು. ಮಂಡಿಯ ಕೆಳಗೆ ಹಗ್ಗ ಸುತ್ತಿದಂತೆ ನೀಲಿಗಟ್ಟಿದ ಗಂಟುಗಳು, ಕಾಲಿನ ಗಿಣ್ಣಿನ ಒಳಬದಿಯಲ್ಲಿ ಕಪ್ಪಾಗಿ ಒರಟಾದ ಚರ್ಮ.

"ನರ ಗಂಟು ಹಾಕ್ಕಂಡವೆ ಸ್ವಾಮಿ, ನಿಂತೇ ಮಾಡೋ ಕೆಲ್ಸ ಅಲ್ವಾ? ನಮ್ಮಪ್ಪನಿಗೂ ಹಿಂಗೇ ಇತ್ತು" ಎಂದು ಅವರು ನಕ್ಕರು.

ಆ ದೃಶ್ಯ ಕೊಬ್ಬರಿಯ ಚಿತ್ರದಲ್ಲಿ ಸೇರಲಿಲ್ಲ. ಆದರೆ ನನ್ನ ತಲೆಯಲ್ಲಿ ಉಳಿಯಿತು. ಪರದೆಯ ಮೇಲಿನ ಹದಿನೈದು ನಿಮಿಷಗಳಲ್ಲಿ ಹೇಳಲಾಗದ ಕೆಲವು ವಿಷಯಗಳನ್ನೂ ಸೇರಿಸಿ ಅದನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ನೀವು ಹದಿನೈದು ಇಪ್ಪತ್ತರ ವಯಸ್ಸಿನವರು, ಇದು ಮುದುಕರ ಕಾಯಿಲೆ, ನಮಗೇಕೆ ಎನ್ನಬಹುದು. ಮನೆಯಲ್ಲಿ ಅಜ್ಜನ ಕಾಲು ಒತ್ತುವವರು ಯಾರು ಹೇಳಿ? ನೀವೇ ಅಲ್ಲವೆ? ಹಾಗಾಗಿ ನಿಮಗೇ ಹೇಳಬೇಕು.

ಮೊದಲು ಒಂದು ಮಾತಿನ ತೊಡಕು ಬಿಡಿಸೋಣ. ನಮ್ಮ ಕಡೆ ಉಬ್ಬಿದ ರಕ್ತನಾಳಕ್ಕೂ 'ನರ' ಎನ್ನುತ್ತಾರೆ. ನಿಮ್ಮ ವಿಜ್ಞಾನ ಪುಸ್ತಕದಲ್ಲಿ ನರ ಎಂದರೆ ಮಿದುಳಿನಿಂದ ಸಂದೇಶ ಒಯ್ಯುವ ತಂತು. ಇಲ್ಲಿ ನಾವು ಮಾತನಾಡುತ್ತಿರುವುದು ಅಭಿಧಮನಿಯ ಬಗ್ಗೆ. ಹೃದಯದಿಂದ ರಕ್ತವನ್ನು ಹೊರಗೆ ಒಯ್ಯುವುದು ಅಪಧಮನಿ, ಹೃದಯಕ್ಕೆ ಹಿಂದಿರುಗಿಸುವುದು ಅಭಿಧಮನಿ. ಈ ಹೆಸರುಗಳನ್ನು ಪರೀಕ್ಷೆಗಾಗಿ ಉರು ಹೊಡೆದಿರುತ್ತೀರಿ. ಆದರೆ ಹಿಂದಿರುಗುವ ಕೆಲಸ ಎಷ್ಟು ಕಷ್ಟದ್ದು ಎಂದು ಯೋಚಿಸಿದ್ದೀರಾ?

ಒಂದು ಸಣ್ಣ ಲೆಕ್ಕ ಮಾಡಿ. ನಿಂತಿರುವ ಮನುಷ್ಯನ ಹೃದಯದಿಂದ ಕಾಲಿನ ಗಿಣ್ಣಿಗೆ ಸುಮಾರು 120 ಸೆಂಟಿಮೀಟರ್ ಎತ್ತರವೆಂದುಕೊಳ್ಳಿ. ಅಷ್ಟು ಎತ್ತರದ ರಕ್ತದ ಕಂಬ ಕೆಳಗೆ ಎಷ್ಟು ಒತ್ತಡ ಹಾಕುತ್ತದೆ? ರಕ್ತದ ಸಾಂದ್ರತೆ ನೀರಿಗಿಂತ ತುಸು ಹೆಚ್ಚು, ಪಾದರಸದ್ದು ನೀರಿನ 13.6 ಪಟ್ಟು. ಭಾಗಿಸಿದರೆ ಪಾದರಸದ ಸುಮಾರು 90 ಮಿಲಿಮೀಟರ್ ಬರುತ್ತದೆ. ಅಲುಗಾಡದೆ ನಿಂತವನ ಗಿಣ್ಣಿನ ಬಳಿಯ ಅಭಿಧಮನಿಯಲ್ಲಿ ಇರುವ ಒತ್ತಡ ಹೆಚ್ಚುಕಡಿಮೆ ಇಷ್ಟೇ. ಅದೇ ಮನುಷ್ಯ ನಡೆಯತೊಡಗಿದರೆ ಅದು 30ರ ಆಸುಪಾಸಿಗೆ ಇಳಿಯುತ್ತದೆ. ನಡೆದಾಗ ಏನಾಗುತ್ತದೆ?

ಮಂಡಿಯ ಹಿಂದೆ ಕೆಳಗಿರುವ ದಪ್ಪ ಮಾಂಸಖಂಡಕ್ಕೆ ಕನ್ನಡದಲ್ಲಿ ಮೀನಖಂಡ ಎಂಬ ಸೊಗಸಾದ ಹೆಸರಿದೆ. ಹೆಜ್ಜೆ ಇಟ್ಟಾಗಲೆಲ್ಲ ಮೀನಖಂಡ ಬಿಗಿಯುತ್ತದೆ, ತನ್ನೊಳಗಿನ ಆಳದ ಅಭಿಧಮನಿಗಳನ್ನು ಹಿಂಡುತ್ತದೆ. ಹಿಂಡಿದ ರಕ್ತ ಮೇಲಕ್ಕೂ ಹೋಗಬಹುದು, ಕೆಳಕ್ಕೂ ಹೋಗಬಹುದು. ಕೆಳಕ್ಕೆ ಹೋಗದಂತೆ ತಡೆಯಲು ಅಭಿಧಮನಿಗಳ ಒಳಗೆ ಪುಟ್ಟ ಪುಟ್ಟ ಕವಾಟಗಳಿವೆ. ಬಾವಿಯ ಪಂಪಿನ ಕೆಳತುದಿಯಲ್ಲಿ ಫುಟ್‌ವಾಲ್ವ್ ಇರುತ್ತದಲ್ಲ, ಅದೇ ಕೆಲಸ. ಫುಟ್‌ವಾಲ್ವ್ ಸೋರಿದರೆ ಪಂಪು ಎಷ್ಟು ಓಡಿದರೂ ನೀರು ಮೇಲೆ ಬರುವುದಿಲ್ಲ ಎಂಬುದನ್ನು ತೋಟದ ಮನೆಯ ಮಕ್ಕಳಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಈ ಕವಾಟಗಳನ್ನು ಇಟಲಿಯ ಪಡುವಾದಲ್ಲಿ ಫ್ಯಾಬ್ರಿಸಿಯಸ್ ಎಂಬ ಪ್ರಾಧ್ಯಾಪಕ 1603ರಲ್ಲಿ ಚಿತ್ರಸಹಿತ ವಿವರಿಸಿದ. ಆದರೆ ಅವು ರಕ್ತದ ವೇಗ ತಗ್ಗಿಸುವುದಕ್ಕೆ ಇವೆ ಎಂದುಕೊಂಡ. ಅವನ ಶಿಷ್ಯ ವಿಲಿಯಂ ಹಾರ್ವೆ 1628ರ ತನ್ನ ಪುಸ್ತಕದಲ್ಲಿ ಅವುಗಳ ನಿಜವಾದ ಅರ್ಥ ಹೇಳಿದ. ಅವು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುತ್ತವೆ. ಅವನ ಪ್ರಯೋಗವನ್ನು ಈಗಲೇ ಮಾಡಬಹುದು. ಕೈಯನ್ನು ಸ್ವಲ್ಪ ಹೊತ್ತು ಇಳಿಬಿಡಿ. ಮುಂಗೈ ಮೇಲೆ ಉಬ್ಬಿದ ಒಂದು ಅಭಿಧಮನಿಯನ್ನು ಆರಿಸಿಕೊಳ್ಳಿ. ಒಂದು ಬೆರಳಿನಿಂದ ಅದನ್ನು ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈಯ ಕಡೆಗೆ ಸವರಿ. ನಾಳ ಖಾಲಿಯಾಗಿ ಚಪ್ಪಟೆಯಾಗುತ್ತದೆ. ಸವರಿದ ಬೆರಳನ್ನು ತೆಗೆಯಿರಿ. ಮೇಲಿನ ರಕ್ತ ಒಂದು ಗಂಟಿನವರೆಗೆ ಬಂದು ನಿಲ್ಲುತ್ತದೆ, ಕೆಳಗೆ ಇಳಿಯುವುದಿಲ್ಲ. ಆ ಗಂಟೇ ಕವಾಟ. ಈಗ ಒತ್ತಿದ ಬೆರಳನ್ನು ಎತ್ತಿ, ನಾಳ ಕೆಳಗಿನಿಂದ ಚಕ್ಕನೆ ತುಂಬಿಕೊಳ್ಳುತ್ತದೆ. ನಾನೂರು ವರ್ಷಗಳಾದರೂ ಈ ಪ್ರಯೋಗಕ್ಕೆ ಒಂದು ಪೈಸೆ ಖರ್ಚಿಲ್ಲ.

ಇನ್ನು ವಯಸ್ಸಿನ ಮಾತು. ತೆಂಗಿನ ಮರವನ್ನೇ ನೋಡಿ. ಬೇವು, ಮಾವು, ಹಲಸು ವರ್ಷ ವರ್ಷ ಹೊಸ ಮರವನ್ನು ಸುತ್ತಿಕೊಂಡು ದಪ್ಪವಾಗುತ್ತವೆ, ಅವುಗಳ ನೀರಿನ ನಾಳಗಳು ಹೊಸದಾಗುತ್ತಲೇ ಇರುತ್ತವೆ. ತೆಂಗಿಗೆ ಆ ಭಾಗ್ಯವಿಲ್ಲ. ಕಾಂಡದ ಒಂದು ಭಾಗ ಬೆಳೆದಾಗ ಅದರಲ್ಲಿ ಯಾವ ನಾಳಗಳಿದ್ದವೋ ಅವೇ ಅರವತ್ತು ಎಪ್ಪತ್ತು ವರ್ಷ ನೀರೆತ್ತಬೇಕು. ಕಡು ಬೇಸಿಗೆಯಲ್ಲಿ ಮರಗಳ ನಾಳದೊಳಗೆ ಗಾಳಿಯ ಗುಳ್ಳೆ ಸಿಕ್ಕಿಕೊಂಡು ನೀರು ನಿಲ್ಲುವುದುಂಟು. ಸಸ್ಯವಿಜ್ಞಾನಿಗಳು ಅದನ್ನು 'ಎಂಬಾಲಿಸಂ' ಎನ್ನುತ್ತಾರೆ. ವೈದ್ಯರೂ ಅದೇ ಪದವನ್ನು ಬಳಸುತ್ತಾರೆ, ಆದರೆ ನಾಳದಲ್ಲಿ ಸಿಕ್ಕಿಕೊಳ್ಳುವ ರಕ್ತದ ಗರಣೆಗೆ. ನಮ್ಮ ಕಾಲಿನ ಕವಾಟಗಳೂ ತೆಂಗಿನ ನಾಳದ ಹಾಗೆಯೇ, ಹುಟ್ಟುವಾಗ ಬಂದವೇ ಕೊನೆಯವರೆಗೆ. ವಯಸ್ಸಾದಂತೆ ಅವುಗಳ ರೆಕ್ಕೆಗಳು ದಪ್ಪವಾಗಿ ಬಿರುಸಾಗುತ್ತವೆ. ನಾಳದ ಗೋಡೆ ಹಿಗ್ಗಿದರೆ ಎರಡು ರೆಕ್ಕೆಗಳು ಕೂಡಿಕೊಳ್ಳುವುದಿಲ್ಲ. ರಕ್ತ ಕೆಳಕ್ಕೆ ಸೋರುತ್ತದೆ, ಚರ್ಮದ ಕೆಳಗಿನ ನಾಳಗಳು ಉಬ್ಬಿ ಸುರುಳಿಗಟ್ಟುತ್ತವೆ. ಕಾಯಿ ಸುಲಿಯುವ ಆ ಹಿರಿಯರ ಕಾಲಿನಲ್ಲಿ ಆಗಿದ್ದುದು ಇದು. ವೆರಿಕೋಸ್ ವೇನ್ಸ್ ಎಂದು ನೀವು ಕೇಳಿರುತ್ತೀರಿ. ನಿಂತು ಮಾಡುವ ಕೆಲಸವೂ ಕಾರಣ, ಮನೆತನದಲ್ಲಿ ಬರುವುದೂ ಉಂಟು. ಅವರು ಹೇಳಿದ ಎರಡು ವಾಕ್ಯಗಳಲ್ಲಿ ಎರಡೂ ಇದ್ದವು!

ಈ ಉಬ್ಬಿದ ನಾಳಗಳು ನೋಡಲು ಭಯ ಹುಟ್ಟಿಸಿದರೂ ಸಾಮಾನ್ಯವಾಗಿ ಜೀವಕ್ಕೆ ಎರವಾಗುವಂಥವಲ್ಲ. ನವೆ, ಭಾರ, ಗಿಣ್ಣಿನ ಬಳಿ ಮಾಯದ ಹುಣ್ಣು, ಇವು ಅವುಗಳ ಕಾಟ. ಎಡವಿಯೋ ಕೆರೆದೋ ಉಬ್ಬಿದ ನಾಳ ಒಡೆದರೆ ರಕ್ತ ಚಿಮ್ಮುತ್ತದೆ. ಆಗ ಗಾಬರಿಯಾಗಿ ನಿಲ್ಲಿಸಿಕೊಂಡು ನೋಡಬಾರದು. ಅಂಗಾತ ಮಲಗಿಸಿ, ಕಾಲನ್ನು ಎತ್ತರಕ್ಕೆ ಹಿಡಿದು, ಶುದ್ಧವಾದ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿದು, ಆಸ್ಪತ್ರೆಗೆ ಕರೆದೊಯ್ಯಬೇಕು. ಎತ್ತರಕ್ಕೆ ಹಿಡಿದ ಕೂಡಲೆ ಆ 90 ಮಿಲಿಮೀಟರ್ ಒತ್ತಡ ಇಳಿದುಹೋಗುತ್ತದೆ ಎಂಬುದು ಈಗ ನಿಮಗೆ ಗೊತ್ತಾಯಿತಲ್ಲ.

ಅಪಾಯವಿರುವುದು ಕಣ್ಣಿಗೆ ಕಾಣದ ಕಡೆ, ಮೀನಖಂಡದ ಒಳಗಿನ ಆಳದ ಅಭಿಧಮನಿಗಳಲ್ಲಿ. ಅಲ್ಲಿ ರಕ್ತ ಹೆಪ್ಪುಗಟ್ಟಿ, ಆ ಗರಣೆ ಕಳಚಿಕೊಂಡರೆ ತೊಡೆ, ಹೊಟ್ಟೆ, ಹೃದಯದ ಬಲಭಾಗಗಳನ್ನು ದಾಟಿ ನೇರವಾಗಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಈ ದಾರಿಯನ್ನು ತೋರಿಸಿಕೊಟ್ಟವನು ಜರ್ಮನಿಯ ರುಡಾಲ್ಫ್ ವಿರ್ಚೋ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ. ರಕ್ತ ನಿಂತಲ್ಲೇ ನಿಲ್ಲುವುದು, ನಾಳದ ಗೋಡೆಗೆ ಪೆಟ್ಟಾಗುವುದು, ರಕ್ತವೇ ಗಟ್ಟಿಯಾಗುವ ಕಡೆ ವಾಲುವುದು ಎಂಬ ಮೂರು ಕಾರಣಗಳನ್ನು ಇಂದಿಗೂ ಅವನ ಹೆಸರಿನಲ್ಲೇ ಕರೆಯುತ್ತಾರೆ. ವಯಸ್ಸಾದವರಲ್ಲಿ ಮೂರೂ ಒಟ್ಟಿಗೆ ಬಂದು ಕೂರುತ್ತವೆ. ಓಡಾಟ ಕಡಿಮೆ, ಮೀನಖಂಡ ಬಡಕಲು, ರಕ್ತದಲ್ಲಿ ಹೆಪ್ಪುಗಟ್ಟಿಸುವ ಪ್ರೋಟೀನುಗಳ ಪ್ರಮಾಣ ಹೆಚ್ಚು, ಜೊತೆಗೆ ಮೂಳೆ ಮುರಿತ, ಶಸ್ತ್ರಚಿಕಿತ್ಸೆ, ಕ್ಯಾನ್ಸರ್. ಪಾಶ್ಚಾತ್ಯ ದೇಶಗಳ ಅಧ್ಯಯನಗಳ ಪ್ರಕಾರ ಎಳೆಯ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು 10,000 ಮಂದಿಯಲ್ಲಿ ಒಬ್ಬರಿಗೆ ಬರುವ ಈ ತೊಂದರೆ ಎಂಬತ್ತರ ಹತ್ತಿರದವರಲ್ಲಿ 100ಕ್ಕೆ ಒಬ್ಬರ ಸಮೀಪಕ್ಕೆ ಬರುತ್ತದೆ.

ಈಗ ನನ್ನ ಮನೆಯ ಒಂದು ಸಂಗತಿ. ಇದನ್ನು ಕಾರ್ಯಕ್ರಮದಲ್ಲಿ ಹೇಳಲು ನನಗೆ ಆಗಲಿಲ್ಲ, ಬರೆಯುವುದು ಸುಲಭ.

1999ರ ಬೇಸಿಗೆ. ನಾನು ತಿಪಟೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ನಮ್ಮ ಊರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಅಜ್ಜಿ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಈ ವಯಸ್ಸಿನಲ್ಲಿ ಕೊಯ್ಯಿಸುವುದು ಬೇಡ, ಮಲಗಿಸಿ ನೋಡಿಕೊಳ್ಳೋಣ ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದೆವು. ನಡುಮನೆಯಲ್ಲಿ ಮಂಚ. ಎರಡು ವಾರವಾಗುವ ಹೊತ್ತಿಗೆ ಒಂದು ಸಂಜೆ ಅಜ್ಜಿ ನನ್ನನ್ನು ಕರೆದು, "ಮಗಾ, ಈ ಎಡಗಾಲು ಯಾಕೋ ಬಿಗಿ ಹಿಡ್ಕಂಡೈತೆ, ಒಂಚೂರು ಎಣ್ಣೆ ತಿಕ್ಕು" ಅಂದರು. ನೋಡಿದೆ. ಎಡಗಾಲು ಬಲಗಾಲಿಗಿಂತ ಸ್ಪಷ್ಟವಾಗಿ ದಪ್ಪವಾಗಿತ್ತು, ಮುಟ್ಟಿದರೆ ಬಿಸಿ. ಮಲಗಿ ಮಲಗಿ ಬಾವು ಬಂದಿದೆ ಎಂದುಕೊಂಡೆ. ನಮ್ಮ ತೋಟದ್ದೇ ಕೊಬ್ಬರಿಯ ಎಣ್ಣೆ. ಬಿಸಿ ಮಾಡಿ, ಗಿಣ್ಣಿನಿಂದ ಮಂಡಿಯ ಕಡೆಗೆ ಚೆನ್ನಾಗಿ ಒತ್ತಿ ಒತ್ತಿ ತಿಕ್ಕಿದೆ. ಮಾರನೆಯ ದಿನವೂ ತಿಕ್ಕಿದೆ. ಹೃದಯದ ನಾಲ್ಕು ಕೋಣೆಗಳ ಚಿತ್ರವನ್ನು ಕಣ್ಣು ಮುಚ್ಚಿ ಬರೆಯಬಲ್ಲ ಹುಡುಗ ನಾನು, ತಿಳಿಯಿತೆ?

ಮೂರನೆಯ ದಿನ ಬೆಳಿಗ್ಗೆ ಅಜ್ಜಿಯನ್ನು ಎತ್ತಿ ಕೂರಿಸಿದರು. "ಉಸ್ರು..." ಎಂದರು ಅಷ್ಟೆ. ಕೆಲವೇ ನಿಮಿಷ. ಬಂದವರು ಹಾರ್ಟ್ ಅಟ್ಯಾಕ್ ಎಂದರು, ಪುಣ್ಯವಂತೆ, ನರಳಲಿಲ್ಲ ಎಂದರು.

ಎಷ್ಟೋ ವರ್ಷಗಳ ನಂತರ ಆರೋಗ್ಯ ಕಾರ್ಯಕ್ರಮವೊಂದರ ಮುದ್ರಣದಲ್ಲಿ ಶಸ್ತ್ರವೈದ್ಯರೊಬ್ಬರು, ಹಾಸಿಗೆ ಹಿಡಿದವರ ಒಂದೇ ಕಾಲು ಊದಿಕೊಂಡರೆ ದಯವಿಟ್ಟು ತಿಕ್ಕಬೇಡಿ, ಗರಣೆ ಕಳಚಿಕೊಳ್ಳಬಹುದು ಎಂದು ಹೇಳುತ್ತಿದ್ದರು. ಕಂಟ್ರೋಲ್ ರೂಮಿನಲ್ಲಿ ಕೂತಿದ್ದ ನಾನು ಹೆಡ್‌ಫೋನ್ ತೆಗೆದಿಟ್ಟೆ. ಸಹಾಯಕರು ಏನಾಯಿತು ಸಾರ್ ಎಂದರು. ಏನಿಲ್ಲ, ಮುಂದುವರಿಸಿ ಎಂದೆ. ಅಜ್ಜಿಯ ಮರಣೋತ್ತರ ಪರೀಕ್ಷೆ ನಡೆಯಲಿಲ್ಲ, ಆದ್ದರಿಂದ ಅದು ಗರಣೆಯೇ ಎಂದು ನಾನು ಹೇಳಲಾರೆ. ತಿಕ್ಕದೆ ಇದ್ದರೂ ಗರಣೆ ತಾನಾಗಿ ಕಳಚಿಕೊಳ್ಳುವುದುಂಟು ಎಂದು ಆ ವೈದ್ಯರೇ ಆಮೇಲೆ ನನಗೆ ಸಮಾಧಾನ ಹೇಳಿದರು. ಅದು ನಿಜವೂ ಹೌದು. ಆದರೆ ಒಂದು ಕಾಲು ಮಾತ್ರ ಊದಿ, ಬಿಸಿಯಾಗಿ, ನೋಯುತ್ತಿದ್ದುದನ್ನು ನೋಡಿದವನು ಮನೆಯಲ್ಲಿ ನಾನೊಬ್ಬನೇ.

ಆದ್ದರಿಂದ ನೀವು ನೋಡಬೇಕಾದದ್ದು ಇದು. ಎರಡೂ ಕಾಲು ಸಂಜೆಗೆ ಸಮನಾಗಿ ಊದುವುದಕ್ಕೆ ಬೇರೆ ಬೇರೆ ಕಾರಣಗಳಿರುತ್ತವೆ, ಅದನ್ನೂ ವೈದ್ಯರಿಗೆ ತೋರಿಸಬೇಕು, ಆದರೆ ಅವಸರವಿಲ್ಲದೆ. ಒಂದೇ ಕಾಲು, ಅದೂ ಎರಡು ಮೂರು ದಿನಗಳಲ್ಲಿ ಊದಿಕೊಂಡರೆ, ಅಂದೇ ಆಸ್ಪತ್ರೆಗೆ. ನಿಮಗೆ ಅನುಮಾನವಿದ್ದರೆ ದರ್ಜಿಯ ಟೇಪಿನಿಂದ ಎರಡೂ ಮೀನಖಂಡಗಳ ಸುತ್ತಳತೆ ತೆಗೆಯಿರಿ. ಮಂಡಿಯ ಕೆಳಗಿನ ಮೂಳೆಯ ಉಬ್ಬಿನಿಂದ ಹತ್ತು ಸೆಂಟಿಮೀಟರ್ ಕೆಳಗೆ ಅಳೆಯುವುದು ವೈದ್ಯರ ಪದ್ಧತಿ. ಮೂರು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವನ್ನು ಅವರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ವ್ಯತ್ಯಾಸ ಕಡಿಮೆಯಿದೆ ಎಂದು ಮನೆಯಲ್ಲೇ ಕೂರಬೇಡಿ, ಡಾಪ್ಲರ್ ಸ್ಕ್ಯಾನ್ ಇರುವುದೇ ಅದಕ್ಕೆ. ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದುಕೊಂಡಾಗ ಎದೆಯಲ್ಲಿ ಚುಚ್ಚು ನೋವು, ಕೆಮ್ಮಿನಲ್ಲಿ ರಕ್ತ, ತಲೆ ಸುತ್ತಿ ಬೀಳುವುದು ಕಂಡರೆ ಬೇರೆ ಯೋಚನೆಯೇ ಬೇಡ, 108ಕ್ಕೆ ಕರೆ ಮಾಡಿ.

ಇದಕ್ಕೆ ಮದ್ದು ಇದೆಯೇ? ಇದೆ. ಅದರ ಕಥೆಯೂ ಸ್ವಾರಸ್ಯದ್ದು. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯ ವಿದ್ಯಾರ್ಥಿ ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುತ್ತಿದ್ದ. ಸಿಕ್ಕಿದ್ದು ಅದರ ವಿರುದ್ಧದ್ದು. ಯಕೃತ್ತಿನಿಂದ ತೆಗೆದದ್ದಾದ್ದರಿಂದ ಮುಂದೆ ಅದಕ್ಕೆ ಹೆಪಾರಿನ್ ಎಂದು ಹೆಸರು ಬಂತು. ಇನ್ನೊಂದು ಮದ್ದು ಬಂದದ್ದು ದನದ ಕೊಟ್ಟಿಗೆಯಿಂದ. 1920ರ ದಶಕದಲ್ಲಿ ಉತ್ತರ ಅಮೆರಿಕದ ರೈತರ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯುತ್ತಿದ್ದವು. ಬೂಸಲು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವು ಕಾರಣ. 1933ರ ಚಳಿಗಾಲದಲ್ಲಿ ರೈತನೊಬ್ಬ ಸತ್ತ ಕಡಸನ್ನೂ ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತವನ್ನೂ ಹೊತ್ತು ಹಿಮದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ಅವರ ಪ್ರಯೋಗಾಲಯಕ್ಕೆ ಬಂದ. ಆ ಕ್ಯಾನಿನಿಂದ ಹೊರಟ ಸಂಶೋಧನೆ ವಾರ್ಫರಿನ್ ಎಂಬ ವಸ್ತುವಿನಲ್ಲಿ ಮುಗಿಯಿತು. 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ, 1954ರಲ್ಲಿ ಮನುಷ್ಯರಿಗೆ ಮದ್ದಾಗಿ ಆಸ್ಪತ್ರೆಗೆ!

ವಾರ್ಫರಿನ್ ನುಂಗುವ ಹಿರಿಯರು ಮನೆಯಲ್ಲಿದ್ದರೆ ಒಂದು ಮಾತು. ಅದು ಕೆಲಸ ಮಾಡುವುದು ವಿಟಮಿನ್ 'ಕೆ'ಗೆ ಅಡ್ಡ ಬಂದು. ಸೊಪ್ಪಿನಲ್ಲಿ ಆ ವಿಟಮಿನ್ ಧಾರಾಳ. ರಾಗಿ ಮುದ್ದೆಗೆ ಸೊಪ್ಪಿನ ಸಾರು ಇಲ್ಲದ ದಿನ ನಮ್ಮಲ್ಲಿ ಯಾವುದು? ಸೊಪ್ಪು ಬಿಡಬೇಕಾಗಿಲ್ಲ. ಒಂದು ವಾರ ದಿನಾ ತಿಂದು ಮುಂದಿನ ವಾರ ಮುಟ್ಟದೆ ಇರುವ ಏರುಪೇರು ಬೇಡ, ಅಷ್ಟೆ. ವೈದ್ಯರು ಹೇಳಿದ ದಿನ ರಕ್ತ ಪರೀಕ್ಷೆ ತಪ್ಪಿಸಬಾರದು, ಅಂಗಡಿಯಲ್ಲಿ ಕೇಳಿ ನೋವಿನ ಮಾತ್ರೆ ನುಂಗಬಾರದು. ಈಚಿನ ಹೊಸ ಮಾತ್ರೆಗಳಿಗೆ ಸೊಪ್ಪಿನ ತಕರಾರಿಲ್ಲ.

ಗರಣೆ ಕಟ್ಟುವ ಮೊದಲೇ ತಡೆಯಬಹುದೆಂದು ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟವರು ಭಾರತೀಯ ಮೂಲದ ಶಸ್ತ್ರವೈದ್ಯ ವಿಜಯ್ ಕಕ್ಕರ್. ಲಂಡನ್ನಿನಲ್ಲಿದ್ದ ಅವರ ನೇತೃತ್ವದಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ, ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದ ನಲವತ್ತು ದಾಟಿದ 4,121 ರೋಗಿಗಳಲ್ಲಿ ಪ್ರಯೋಗ ನಡೆಸಿದವು. ಅರ್ಧದಷ್ಟು ಜನರಿಗೆ ಚರ್ಮದ ಕೆಳಗೆ ಸ್ವಲ್ಪ ಸ್ವಲ್ಪ ಹೆಪಾರಿನ್ ಚುಚ್ಚಿದರು. 1975ರಲ್ಲಿ ಫಲಿತಾಂಶ ಪ್ರಕಟವಾಯಿತು. ಚುಚ್ಚುಮದ್ದು ಇಲ್ಲದ ಗುಂಪಿನಲ್ಲಿ 16 ಮಂದಿ ಶ್ವಾಸಕೋಶದ ಗರಣೆಯಿಂದ ಸತ್ತಿದ್ದರು, ಚುಚ್ಚುಮದ್ದು ಪಡೆದ ಗುಂಪಿನಲ್ಲಿ ಇಬ್ಬರು.

ನಮ್ಮ ರಾಜ್ಯದ್ದೇ ಒಂದು ಕೆಲಸವನ್ನೂ ಹೇಳಬೇಕು. ಗರಣೆ ವಯಸ್ಸಾದವರನ್ನು ಮಾತ್ರ ಹುಡುಕಿಕೊಂಡು ಬರುವುದಿಲ್ಲ. ಬಾಣಂತಿಯರಲ್ಲೂ ರಕ್ತ ಹೆಪ್ಪುಗಟ್ಟುವ ಕಡೆಗೆ ವಾಲಿರುತ್ತದೆ, ಅದು ಹೆರಿಗೆಯ ರಕ್ತಸ್ರಾವ ತಡೆಯಲು ಪ್ರಕೃತಿ ಮಾಡಿದ ಏರ್ಪಾಡು. ಕೆಲವರಿಗೆ ಮಿದುಳಿನ ಅಭಿಧಮನಿಯಲ್ಲೇ ಗರಣೆ ಕಟ್ಟುತ್ತದೆ. ಸಹಿಸಲಾಗದ ತಲೆನೋವು, ಫಿಟ್ಸ್, ಕೈಕಾಲು ಬೀಳುವುದು ಅದರ ಲಕ್ಷಣ. ಇದನ್ನು ಗಾಳಿ ಸೋಕಿತು, ದೃಷ್ಟಿಯಾಯಿತು ಎಂದು ಮನೆಯಲ್ಲೇ ಇಟ್ಟುಕೊಂಡು ಹೊತ್ತು ಕಳೆದರೆ ಜೀವಕ್ಕೇ ಅಪಾಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಡಿ. ನಾಗರಾಜ ಮತ್ತು ಸಂಗಡಿಗರು ಇಂಥ ಬಾಣಂತಿಯರನ್ನು ಕುರಿತು ಬಹುಕಾಲ ಅಧ್ಯಯನ ಮಾಡಿದರು, ಕಡಿಮೆ ಪ್ರಮಾಣದ ಹೆಪಾರಿನ್‌ನಿಂದ ಅವರಿಗೆ ಪ್ರಯೋಜನವಿದೆ ಎಂಬ ವರದಿಯನ್ನು ಪ್ರಕಟಿಸಿದರು. ಆ ವರದಿಯ ವರ್ಷ 1999. ನಾನು ಎಣ್ಣೆ ಬಿಸಿ ಮಾಡುತ್ತಿದ್ದ ವರ್ಷವೇ. ಬಾಣಂತಿಗೆ ನೀರು ಕೊಡದೆ, ಹಾಸಿಗೆಯಿಂದ ಏಳಬಿಡದೆ ಇರುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಆಶಾ ಕಾರ್ಯಕರ್ತೆಯರನ್ನೋ ವೈದ್ಯರನ್ನೋ ಕರೆದು ಅಮ್ಮಂದಿರ ಜೊತೆ ಮಾತನಾಡಿಸಿ. ಬಿಸಿನೀರಾದರೂ ಸರಿ, ಕುಡಿಯಲಿ. ಹಜಾರದಲ್ಲಾದರೂ ಸರಿ, ನಡೆಯಲಿ.

ಕಾಯಿ ಸುಲಿಯುವ ಆ ಹಿರಿಯರಿಗೆ ನಾವು ಹೇಳಿ ಬಂದದ್ದು ಸ್ವಲ್ಪವೇ. ಗಂಟೆಗೊಮ್ಮೆ ಹತ್ತು ಹೆಜ್ಜೆ ನಡೆಯಿರಿ, ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ, ಮಧ್ಯಾಹ್ನ ಊಟವಾದ ಮೇಲೆ ಕಾಲನ್ನು ಎತ್ತರದ ಮೇಲಿಟ್ಟು ಮಲಗಿ, ಗಿಣ್ಣಿನ ಚರ್ಮ ಒಡೆದರೆ ತಡ ಮಾಡದೆ ತೋರಿಸಿ. ಮುಂದೊಮ್ಮೆ ಅದೇ ದಾರಿಯಲ್ಲಿ ಹೋದಾಗ ಇಣುಕಿ ನೋಡಿದೆ. ಸುಲಿದ ಸಿಪ್ಪೆಯ ರಾಶಿಯ ಮೇಲೆ ಎರಡೂ ಕಾಲು ಚಾಚಿ, ಮುಖಕ್ಕೆ ಟವಲು ಹೊದ್ದು ನಿದ್ದೆ ಮಾಡುತ್ತಿದ್ದರು.

ಕಳೆದ ವರ್ಷ ನನ್ನ ತಾಯಿಗೆ ಮಂಡಿಯ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಆಯಿತು. ಮಾರನೆಯ ದಿನವೇ ಅವರನ್ನು ಎಬ್ಬಿಸಿ ನಿಲ್ಲಿಸಿದರು. ಹೊಟ್ಟೆಯ ಚರ್ಮಕ್ಕೆ ದಿನಾ ಒಂದು ಚುಚ್ಚುಮದ್ದು. ಮನೆಗೆ ಬಂದ ಮೇಲೆ ಊರಿನಿಂದ ಬಂದ ದೊಡ್ಡಮ್ಮ, "ಕೊಯ್ಸಿಕಂಡು ಬಂದೋಳ್ನ ಹಿಂಗೆ ಓಡಾಡಿಸ್ತಾರೇನಪ್ಪಾ" ಎಂದು ನನ್ನನ್ನು ಬೈದು, ಅಡುಗೆ ಮನೆಗೆ ಹೋಗಿ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಬಿಸಿ ಮಾಡಿಕೊಂಡು ಬಂದರು. "ಕಾಲಿಗೆ ಬ್ಯಾಡ ದೊಡ್ಡಮ್ಮ, ತಲೆಗೆ ಹಚ್ಚು" ಎಂದೆ. ಅಮ್ಮ ವಾಕರ್ ಹಿಡಿದು ಬಂದು ಕುರ್ಚಿಯಲ್ಲಿ ಕೂತು ತಲೆ ಬಗ್ಗಿಸಿದರು.